ಸಂವಿಧಾನದ ಪೀಠಿಕೆಯೂ ದೇವನಾಮವೂ

ಗ್ರಂಥಾರಂಭದಲ್ಲಿ ಇಷ್ಟದೇವತಾಸ್ತುತಿಯನ್ನು ಮಾಡುವುದು ನಮ್ಮ ಕಾವ್ಯಪರಂಪರೆಯ ಸಂಪ್ರದಾಯ. ಈ ಪರಂಪರೆಯಲ್ಲಿ ಬೆಳೆದ ಓದುಗನು ಭಾರತ ಸಂವಿಧಾನದ ಪೀಠಿಕೆಯಲ್ಲಿ ದೇವರ ನಾಮವನ್ನು ಕಾಣದೆ ಅಚ್ಚರಿಗೊಳ್ಳುವುದು ಸಹಜ. ಇದು ನಾಸ್ತಿಕರ ಗ್ರಂಥವೆಂದು ಆಕ್ಷೇಪಿಸುವವರುಂಟು. ಇದೇ ಧರ್ಮಗ್ರಂಥವೆಂದು ಪೂಜಿಸುವವರೂ ಉಂಟು. ಪಠ್ಯವನ್ನು ಸಾವಧಾನವಾಗಿ ಓದಿದರೆ ಈ ಎರಡು ಅಭಿಪ್ರಾಯಗಳೂ ನಿಲ್ಲಲಾರವು.

ಆ ನಾಮವು ಮರೆವಿನಿಂದ ಬಿಟ್ಟುಹೋದುದಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಹೆಚ್. ವಿ. ಕಾಮತರು ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ಇದರಿಂದ ಶ್ರದ್ಧೆಯ ವಿಷಯದಲ್ಲಿ ಬಲವಂತವನ್ನು ಹೇರಿದಂತಾಗುವುದೆಂದು ಪಟ್ಟಂ ಥಾನು ಪಿಳ್ಳೆಯವರು ಶಂಕಿಸಿದರು. ಪೀಠಿಕೆಯೇ ನಂಬಿಕೆ, ಶ್ರದ್ಧೆ, ಉಪಾಸನೆಗಳ ಸ್ವಾತಂತ್ರ್ಯವನ್ನು ವಾಗ್ದಾನ ಮಾಡಿರುವಾಗ ಇದು ಅದಕ್ಕೆ ವಿರುದ್ಧವೆಂದು ಹೃದಯನಾಥ ಕುಂಜ್ರೂ ವಾದಿಸಿದರು. ದೇವರನ್ನು ಮತಗಣನೆಗೆ ಒಳಪಡಿಸಬಾರದೆಂದು ಪೂರ್ಣಿಮಾ ಬ್ಯಾನರ್ಜಿಯವರು ವಿನಂತಿಸಿದರು. ಕಾಮತರು ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದು ತಿದ್ದುಪಡಿಯು ಬಿದ್ದುಹೋಯಿತು.

ಕಾಮತರ ಭಾವವು ಗೌರವಾರ್ಹವೇ. ಆದರೆ ಇಲ್ಲಿ ವಿಚಾರಣೀಯವಾದುದು ವಕ್ತೃವಿನ ಪ್ರಶ್ನೆ. ಕಾವ್ಯದ ಸ್ತುತಿಯಲ್ಲಿ ಮಾತನಾಡುವವನು ಕವಿಯೊಬ್ಬನೇ. ಅವನ ಇಷ್ಟದೈವವು ಅವನದು. ಪೀಠಿಕೆಯಲ್ಲಿ ಮಾತನಾಡುವವರು ಭಾರತದ ಜನತೆಯಾದ 'ನಾವು'. ಈ 'ನಾವು' ಎಂಬುದರಲ್ಲಿ ನಾನಾ ದೈವಗಳ ಉಪಾಸಕರೂ ದೈವವನ್ನೊಪ್ಪದವರೂ ಸೇರಿದ್ದಾರೆ. ಒಬ್ಬರ ಪರವಾಗಿ ಮತ್ತೊಬ್ಬರು ಸ್ತುತಿಸಿದರೆ ಅದು ಸ್ತುತಿಯೆನಿಸದು. ಭಕ್ತಿಯು ಬಹುಮತದಿಂದ ಹುಟ್ಟುವ ವಸ್ತುವಲ್ಲ.

ಹಾಗೆಂದು ಸಂವಿಧಾನವು ದೇವನಾಮವನ್ನು ಹೊರಗಿಟ್ಟಿಲ್ಲ. ಮೂರನೆಯ ಅನುಸೂಚಿಯ ಪ್ರಮಾಣವಚನಗಳಲ್ಲಿ ಆ ನಾಮವುಂಟು. ಮಂತ್ರಿಯಾಗಲಿ, ನ್ಯಾಯಾಧೀಶನಾಗಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ದೃಢೀಕರಿಸಬಹುದು. ಸಮೂಹವು ಮೌನವಾಗಿರುವಲ್ಲಿ ಸಂವಿಧಾನವೂ ಮೌನವಾಗಿದೆ. ವ್ಯಕ್ತಿಯು ತನ್ನ ಬಾಯಿಂದ ನುಡಿಯುವಲ್ಲಿ ಆಯ್ಕೆಯನ್ನು ಅವನಿಗೇ ಬಿಟ್ಟಿದೆ. 25ನೆಯ ಅನುಚ್ಛೇದವೂ ಧರ್ಮದ ಅವಲಂಬನೆ, ಆಚರಣೆ, ಪ್ರಸಾರಗಳಿಗಿಂತ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ.

ಆದುದರಿಂದ ಶ್ರದ್ಧಾವಂತನು ಸಂವಿಧಾನವನ್ನು ಶಾಸ್ತ್ರದ ಪ್ರತಿಸ್ಪರ್ಧಿಯೆಂದು ಬಗೆಯಬೇಕಾಗಿಲ್ಲ. ಶಾಸ್ತ್ರವೆಂದು ಪೂಜಿಸಬೇಕಾಗಿಯೂ ಇಲ್ಲ. ನೂರಕ್ಕೂ ಮಿಕ್ಕಿ ತಿದ್ದುಪಡಿಗಳನ್ನು ಕಂಡಿರುವ ಈ ಗ್ರಂಥವು ತನ್ನನ್ನು ತಿದ್ದುವ ವಿಧಾನವನ್ನು 368ನೆಯ ಅನುಚ್ಛೇದದಲ್ಲಿ ತಾನೇ ಹೇಳಿದೆ. ಆದರೆ ಅದು ನಮ್ಮನ್ನೂ ತಿದ್ದುತ್ತದೆ. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ 17ನೆಯ ಅನುಚ್ಛೇದದ ಮುಂದೆ ಯಾವ ಸಂಪ್ರದಾಯವೂ ವಿನಾಯಿತಿಯನ್ನು ಬೇಡಲಾಗದು. ತನ್ನ ಉಪಾಸನೆಗೆ ರಕ್ಷಣೆಯನ್ನು ಬಯಸಿ ನೆರೆಯವನ ಮಾನಕ್ಕೆ ಅದನ್ನು ನಿರಾಕರಿಸುವವನು ಸಂವಿಧಾನವನ್ನು ಅರ್ಧವೇ ಓದಿದವನು.

ಪೀಠಿಕೆಯ ಕನ್ನಡ ರೂಪವು ಈ ಸಂವಿಧಾನವನ್ನು ನಮಗೆ ನಾವೇ ಅರ್ಪಿಸಿಕೊಂಡೆವೆನ್ನುತ್ತದೆ. ಅರ್ಪಣೆಯ ಅರ್ಥವನ್ನು ಭಕ್ತನಿಗೆ ವಿವರಿಸಬೇಕಾಗಿಲ್ಲ. ಅರ್ಪಿಸಿದುದನ್ನು ಕೆಡಿಸದೆ ಕಾಯುವುದು ಅರ್ಪಿಸಿದವನ ಹೊಣೆ.