ವೆಲ್ಷ್ ಬೈಬಲು ಉಳಿಸಿದ್ದೇನು? ಒಂದು ಮರುವಿಮರ್ಶೆ

ಶ್ರೀಗ್ರಂಥದ ಭಾಷಾಂತರ ಚರಿತ್ರೆಯನ್ನು ಬೋಧಿಸುವ ನಾವು ಒಂದು ಮಾತನ್ನು ಹೆಮ್ಮೆಯಿಂದ ಹೇಳುತ್ತ ಬಂದಿದ್ದೇವೆ: ಇಂಗ್ಲೆಂಡಿನ ಮಗ್ಗುಲಲ್ಲೇ ಇದ್ದೂ ವೇಲ್ಸ್ ನಾಡಿನ ನುಡಿ ಅಳಿಯದೆ ಉಳಿದದ್ದು 1588ರಲ್ಲಿ ವಿಲಿಯಂ ಮಾರ್ಗನ್ ಹೊರತಂದ ಬೈಬಲಿನಿಂದ. ಮಾತು ಸುಳ್ಳಲ್ಲ. ಆದರೆ ಅದನ್ನು ನಾವು ಹೇಳುವ ರೀತಿಯಲ್ಲಿ ಧರ್ಮಸಭೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಧ್ವನಿಯಿದೆ. ಆ ಧ್ವನಿಯನ್ನು ಪರೀಕ್ಷಿಸುವುದೇ ಈ ಬರಹದ ಉದ್ದೇಶ.

1536ರ ಕಾಯಿದೆ ವೇಲ್ಸಿನ ನ್ಯಾಯಾಲಯಗಳಿಗೂ ಅಧಿಕಾರ ಸ್ಥಾನಗಳಿಗೂ ಇಂಗ್ಲಿಷನ್ನೇ ವಿಧಿಸಿತ್ತು. ಶ್ರೀಗ್ರಂಥವನ್ನೂ ಪ್ರಾರ್ಥನಾ ಪುಸ್ತಕವನ್ನೂ ವೆಲ್ಷ್ ಭಾಷೆಗೆ ತರಬೇಕೆಂದು ಆಜ್ಞಾಪಿಸಿದ್ದು 1563ರ ಕಾಯಿದೆ. ಅದರಲ್ಲೇ ಇನ್ನೊಂದು ನಿಯಮವೂ ಇತ್ತು. ವೆಲ್ಷ್ ಪ್ರತಿಯ ಪಕ್ಕದಲ್ಲಿ ಇಂಗ್ಲಿಷ್ ಪ್ರತಿಯನ್ನೂ ಇರಿಸಬೇಕು. ಜನರು ಎರಡನ್ನೂ ಹೋಲಿಸಿ ಓದುತ್ತ ಇಂಗ್ಲಿಷ್ ಕಲಿಯಬೇಕು. ಅಂದರೆ ನುಡಿಯನ್ನು ಉಳಿಸಿತೆಂದು ನಾವು ಹೊಗಳುವ ಗ್ರಂಥಕ್ಕೆ ಅನುಮತಿ ಕೊಟ್ಟವರು ಅದನ್ನು ಇಂಗ್ಲಿಷಿನತ್ತ ಒಯ್ಯುವ ಮೆಟ್ಟಿಲೆಂದೂ ಎಣಿಸಿದ್ದರು.

1567ರಲ್ಲಿ ಪ್ರಕಟವಾದ ವಿಲಿಯಂ ಸಾಲ್ಸ್‌ಬರಿಯ ಹೊಸ ಒಡಂಬಡಿಕೆಯನ್ನು ನಮ್ಮ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಸಾಲ್ಸ್‌ಬರಿ ದೊಡ್ಡ ವಿದ್ವಾಂಸ. ಅವನ ಕೊರತೆಯೂ ವಿದ್ವತ್ತಿನದೇ. ಧರ್ಮಸಭೆಗೆ ಜನರಾಡುವ ಪದ 'ಎಗ್ಲೂಯಿಸ್'. ಅವನು ಅದನ್ನು ಲತೀನಿನ 'ಎಕ್ಲೇಸಿಯಾ' ಎದ್ದು ಕಾಣುವಂತೆ ಬರೆದ. ವೆಲ್ಷ್ ಪದಗಳ ಮೊದಲ ವ್ಯಂಜನ ಹಿಂದಿನ ಪದಕ್ಕೆ ಅನುಸಾರವಾಗಿ ಮಾರ್ಪಡುತ್ತದೆ: 'ಪೆನ್' ಎಂದರೆ ತಲೆ, 'ನನ್ನ ತಲೆ' ಎನ್ನುವಾಗ ಆ ಪಕಾರ ಮಕಾರದತ್ತ ತಿರುಗುತ್ತದೆ. ಸಾಲ್ಸ್‌ಬರಿ ಇಂತಹ ಕಡೆ ಮೂಲಾಕ್ಷರವನ್ನೇ ಉಳಿಸಿದ. ಆದೇಶಸಂಧಿಯನ್ನು ಬಲ್ಲ ನಮಗೆ ಇದರ ತೊಡಕು ಸುಲಭವಾಗಿ ತಿಳಿಯುತ್ತದೆ: ಎಲ್ಲರೂ 'ಮಳೆಗಾಲ' ಎನ್ನುವ ಊರಿನಲ್ಲಿ 'ಮಳೆಕಾಲ' ಎಂದು ಅಚ್ಚುಹಾಕಿದಂತೆ. ಪುಟ ಶುದ್ಧವಾಗಿ ಕಂಡಿತು, ಓದುವ ನಾಲಗೆ ಎಡವಿತು.

ಮಾರ್ಗನ್ ಸಾಲ್ಸ್‌ಬರಿಯ ದುಡಿಮೆಯನ್ನು ಬಿಸುಡಲಿಲ್ಲ, ತಿದ್ದಿ ಬಳಸಿಕೊಂಡ. ಅವನು ಹಳ್ಳಿಯೊಂದರ ಧರ್ಮಕೇಂದ್ರದ ಗುರು, ಗಟ್ಟಿಯಾಗಿ ಓದುವುದು ಅವನ ನಿತ್ಯದ ಕಾಯಕ. ನಾಡಿನ ಕವಿಗಳು ಕಾಪಾಡಿಕೊಂಡು ಬಂದಿದ್ದ ಶಿಷ್ಟ ನುಡಿಯನ್ನು ಆಧಾರವಾಗಿಟ್ಟುಕೊಂಡು ಕಿವಿಗೆ ಒಪ್ಪುವ ಗದ್ಯವನ್ನು ಕಟ್ಟಿದ. 1620ರಲ್ಲಿ ರಿಚರ್ಡ್ ಪ್ಯಾರಿ ಮತ್ತು ಜಾನ್ ಡೇವಿಸ್ ಪರಿಷ್ಕರಿಸಿದ ಈ ಪಠ್ಯ 1988ರ ಹೊಸ ಭಾಷಾಂತರದವರೆಗೂ ಆಳಿತು. ಇಷ್ಟು ದೀರ್ಘಾಯುಷ್ಯ ಬಹಳ ಕಡಿಮೆ ಭಾಷಾಂತರಗಳಿಗೆ ದಕ್ಕಿದೆ.

(ಕಥೋಲಿಕರ ಪಾಲನ್ನೂ ಮರೆಯಬಾರದು. 1567ರಲ್ಲೇ ಮಿಲಾನಿನಲ್ಲಿ, ದೇಶಭ್ರಷ್ಟನಾಗಿ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಸೇವೆಯಲ್ಲಿದ್ದ ಗ್ರಿಫಿದ್ ರಾಬರ್ಟ್ ವೆಲ್ಷ್ ವ್ಯಾಕರಣದ ಮೊದಲ ಭಾಗವನ್ನು ಅಚ್ಚುಹಾಕಿಸಿದ. ಅದನ್ನು ಬರೆಯೆಂದು ಅವನಿಗೆ ಯಾವ ಕಾಯಿದೆಯೂ ಹೇಳಿರಲಿಲ್ಲ.)

ಆದರೆ 1588ರ ಗ್ರಂಥ ಉಪದೇಶ ಪೀಠದ ಮೇಲಿಡುವ ಹೆಬ್ಬೊತ್ತಿಗೆ. ಅದು ಜನರ ಕೈಸೇರಲು 1630ರ ಚಿಕ್ಕ ಬೈಬಲು ಬೇಕಾಯಿತು. ಓದು ಬಾರದವರಿಗೆ ಅದೂ ಮುಚ್ಚಿದ ಪುಸ್ತಕವೇ. 1731ರ ಸುಮಾರಿಗೆ ಲ್ಯಾನ್‌ಡೌರರ್ ಊರಿನ ಗುರು ಗ್ರಿಫಿತ್ ಜೋನ್ಸ್ ಸಂಚಾರಿ ಶಾಲೆಗಳನ್ನು ಆರಂಭಿಸಿದರು. ಉಪಾಧ್ಯಾಯನೊಬ್ಬ ಊರಿಗೆ ಬಂದು ಕೆಲವು ತಿಂಗಳು ನಿಂತು, ರೈತರಿಗೂ ಮಕ್ಕಳಿಗೂ ಅವರದೇ ನುಡಿಯಲ್ಲಿ ಓದು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದ. 1761ರಲ್ಲಿ ಜೋನ್ಸ್ ತೀರಿಕೊಳ್ಳುವ ವೇಳೆಗೆ ಮೂರು ಸಾವಿರಕ್ಕೂ ಹೆಚ್ಚು ಇಂತಹ ಶಾಲೆಗಳು ನಡೆದಿದ್ದವು. ಅವರ ಮುಖ್ಯ ಗುರಿ ಭಾಷೆಯ ಸಂರಕ್ಷಣೆಯಲ್ಲ. ಜನ ಇಂಗ್ಲಿಷ್ ಕಲಿಯುವವರೆಗೆ ಆತ್ಮಗಳು ಕಾಯಲಾರವೆಂಬ ಕಳವಳ. ನಮ್ಮ ಎಣಿಕೆಯಲ್ಲಿ ವೆಲ್ಷ್ ನುಡಿಗೆ ಮಾರ್ಗನ್ನರಷ್ಟೇ ಉಪಕಾರ ಮಾಡಿದವರು ಜೋನ್ಸ್. ಆದರೆ ಅವರ ಹೆಸರು ನಮ್ಮ ತರಗತಿಗಳಲ್ಲಿ ಕೇಳಿಬರುವುದು ಅಪರೂಪ.

ಇನ್ನು ಉಳಿಯದೆ ಹೋದದ್ದರ ಮಾತು. ಉತ್ತರ ವೇಲ್ಸಿನವರು ಹಾಲಿಗೆ ಒಂದು ಪದ ಬಳಸಿದರೆ ದಕ್ಷಿಣದವರಿಗೆ ಬೇರೆಯದೇ ಪದ. 'ಈಗ' ಎನ್ನುವುದಕ್ಕೂ ಹಾಗೆಯೇ. ಆಗ್ನೇಯದಲ್ಲಿ 'ಗ್ವೆನ್‌ಹುಯಿಸೆಗ್' ಎಂಬ ಉಪಭಾಷೆಯಿತ್ತು; ಪದದ ನಡುವಿನ ಗ, ದ, ಬಗಳನ್ನು ಅಲ್ಲಿಯವರು ಕ, ತ, ಪಗಳಾಗಿ ಗಡುಸುಗೊಳಿಸಿ ಆಡುತ್ತಿದ್ದರು. ಇಂದು ಅದು ಬಹುತೇಕ ಮರೆಯಾಗಿದೆ. ಅದನ್ನು ಅಳಿಸಿದ್ದು ಬೈಬಲಲ್ಲ. ಕಲ್ಲಿದ್ದಲ ಕಣಿವೆಗಳಿಗೆ ಬಂದ ವಲಸೆ ಮತ್ತು ಇಂಗ್ಲಿಷ್ ಶಾಲೆ. ಆದರೆ ದೇವರ ಮಾತಿಗೆ ತಕ್ಕ ನುಡಿ ಗ್ರಂಥದ ನುಡಿಯೊಂದೇ ಎಂದು ಶತಮಾನಗಳ ಕಾಲ ಕೇಳಿದ ಜನ ತಮ್ಮ ಆಡುಮಾತನ್ನು ಕೀಳೆಂದು ತಿಳಿದುದಕ್ಕೆ ಉಪದೇಶ ಪೀಠವೂ ಹೊಣೆ. ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದು ಗಲಿಲೇಯದ ಅವನ ಉಚ್ಚಾರ. ಪಂಚಾಶತ್ತಮ ದಿನದ ವೃತ್ತಾಂತದಲ್ಲಿ ಜನರು ಕೇಳಿದ 'ಸ್ವಂತ ಭಾಷೆ'ಗೆ ಲೂಕನು ಬಳಸಿದ ಗ್ರೀಕ್ ಪದ 'ಡಿಯಾಲೆಕ್ಟೋಸ್'.

ಈ ಚರಿತ್ರೆ ಭಾರತಕ್ಕೂ ಬಂದಿತು. 1841ರಲ್ಲಿ ವೇಲ್ಸಿನ ಮಿಷನರಿ ಥಾಮಸ್ ಜೋನ್ಸ್ ಚಿರಾಪುಂಜಿಯನ್ನು ತಲುಪಿದರು. ಅದಕ್ಕೆ ಮೊದಲು ಸೆರಾಂಪುರದವರು ಖಾಸಿ ಭಾಷೆಯನ್ನು ಬಂಗಾಳಿ ಲಿಪಿಯಲ್ಲಿ ಬರೆದಿದ್ದರು. ಜೋನ್ಸ್ ರೋಮನ್ ಲಿಪಿಯನ್ನು, ಅದೂ ವೆಲ್ಷ್ ಕಾಗುಣಿತದ ಜಾಡಿನಲ್ಲಿ, ತಂದರು. ಇಂದಿಗೂ ಖಾಸಿ ಅಕ್ಷರಮಾಲೆಯಲ್ಲಿ 'ಗ'ದ ನಂತರ 'ಙ' ಬರುವುದು ವೆಲ್ಷಿನಂತೆಯೇ. ಅವರು ಆರಿಸಿಕೊಂಡ ಸೊಹ್ರಾ ಆಡುಮಾತೇ ಶಿಷ್ಟ ಖಾಸಿಯಾಯಿತು. ಸುತ್ತಲಿನ ಬೇರೆ ಆಡುಮಾತುಗಳು ಅದರ ನೆರಳಿಗೆ ಸರಿದವು. ಇಂಗ್ಲಿಷಿನ ನೆರಳಲ್ಲಿ ಬೆಳೆದವರೇ ಇನ್ನೊಂದು ನೆರಳಿಗೆ ಕಾರಣರಾದರು.

ನಮ್ಮನ್ನು ಹೆಚ್ಚು ಕಾಡುವುದು ಇಪ್ಪತ್ತನೆಯ ಶತಮಾನದ ಲೆಕ್ಕ. 1901ರಲ್ಲಿ ವೇಲ್ಸಿನ ಸುಮಾರು ಅರ್ಧದಷ್ಟು ಜನ ವೆಲ್ಷ್ ಆಡುತ್ತಿದ್ದರು. 1904ರ ಪುನರುಜ್ಜೀವನದಲ್ಲಿ ಪ್ರಾರ್ಥನಾಲಯಗಳು ತುಂಬಿದ್ದವು. 1961ಕ್ಕೆ ಪ್ರಮಾಣ ಶೇಕಡ 26ಕ್ಕೆ ಇಳಿಯಿತು. ಬೈಬಲು ಮನೆಮನೆಯಲ್ಲಿತ್ತು, ಭಾನುವಾರದ ಶಾಲೆಯೂ ಇತ್ತು. ಆದರೆ ವಾರದ ಉಳಿದ ದಿನಗಳು ಇಂಗ್ಲಿಷಿನವು. 1962ರಲ್ಲಿ ರೇಡಿಯೊ ಭಾಷಣದ ಮೂಲಕ ನಾಡನ್ನು ಎಚ್ಚರಿಸಿದ ಸಾಂಡರ್ಸ್ ಲೂಯಿಸ್ ಕಥೋಲಿಕ ವಿಶ್ವಾಸಿ. ಆದರೂ ಅವರು ಬೆರಳು ತೋರಿದ್ದು ದೇವಾಲಯದತ್ತ ಅಲ್ಲ, ಸರ್ಕಾರಿ ಕಚೇರಿಯತ್ತ, ತೆರಿಗೆಯ ನೋಟೀಸಿನತ್ತ. ಮುಂದೆ ವೆಲ್ಷ್ ಮಾಧ್ಯಮ ಶಾಲೆಗಳು ಹೆಚ್ಚಿದವು, 1982ರಲ್ಲಿ ದೂರದರ್ಶನ ವಾಹಿನಿ ಬಂದಿತು, 1993ರಲ್ಲಿ ಭಾಷಾ ಕಾಯಿದೆಯಾಯಿತು. ಇಷ್ಟಾದರೂ 2021ರ ಜನಗಣತಿಯಲ್ಲಿ ಪ್ರಮಾಣ ಶೇಕಡ 17.8.

ಭಾನುವಾರಕ್ಕೊಂದು, ವಾರಕ್ಕೊಂದು ನುಡಿಯೆಂಬ ಈ ಬಿರುಕಿನ ಬೇರೊಂದು ರೂಪ ನಮ್ಮ ಪ್ರಬೋಧನಾ ತರಗತಿಯಲ್ಲೂ ಇದೆ. ಬೀದರಿನ ಕಡೆಯ ವಿದ್ಯಾರ್ಥಿಯೊಬ್ಬರ ಪ್ರಬೋಧನೆಯಲ್ಲಿ ಅವರ ತಾಯಿ ಆಡುವ ಪದಗಳನ್ನು ಹುಡುಕಿ ಹುಡುಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆದವರು ನಾವೇ. ಅವರು ತಿದ್ದಿಕೊಂಡು ಮತ್ತೆ ಓದಿದಾಗ ವಾಕ್ಯಗಳೆಲ್ಲ ಸರಿಯಾಗಿದ್ದವು. ದನಿ ಮಾತ್ರ ಬೇರೆ ಯಾರದೋ ಆಗಿತ್ತು. ಆ ಹಾಳೆಯನ್ನು ಅವರಿಗೆ ಹಿಂದಿರುಗಿಸಿ, ಮೊದಲ ಪ್ರತಿಯನ್ನೇ ಬಲಿಪೂಜೆಯಲ್ಲಿ ಓದಲು ಕೇಳಿಕೊಂಡಿದ್ದೇವೆ.