ಐಸೆನ್‌ಹೋವರ್: ಆಜ್ಞೆ ಎಷ್ಟು, ಅನುನಯ ಎಷ್ಟು?

ಅಮೆರಿಕದ ಜನರಲ್ ಡ್ವೈಟ್ ಐಸೆನ್‌ಹೋವರ್ ಒಳ್ಳೆಯ ಸಂಘಟಕ, ಸಾಧಾರಣ ಸೇನಾನಿ ಎಂಬ ಟೀಕೆ ಎರಡನೇ ಮಹಾಯುದ್ಧ ಮುಗಿಯುವ ಮೊದಲೇ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಓಡಾಡುತ್ತಿತ್ತು. 1943ರ ಡಿಸೆಂಬರ್‌ನಲ್ಲಿ ಪಶ್ಚಿಮ ಯುರೋಪಿನ ಮಿತ್ರಪಡೆಗಳ ಸರ್ವೋಚ್ಚ ದಂಡನಾಯಕನಾಗಿ ನೇಮಕಗೊಂಡಾಗ, ಆತ ರಣರಂಗದಲ್ಲಿ ಒಂದು ತುಕಡಿಯನ್ನೂ ಖುದ್ದಾಗಿ ನಡೆಸಿದವನಲ್ಲ. ಆಕ್ಷೇಪ ನಿಜ, ಅಳತೆಗೋಲು ತಪ್ಪು. ಆ ಹುದ್ದೆ ಬೇಡುತ್ತಿದ್ದದ್ದು ಬೇರೆಯೇ ಕಸುಬು.

ಭಾರಿ ಬಾಂಬರ್ ವಿಮಾನಗಳ ಪ್ರಕರಣವನ್ನೇ ನೋಡಿ. ನಾರ್ಮಂಡಿ ದಾಳಿಗೆ ಮುನ್ನ ಫ್ರಾನ್ಸಿನ ರೈಲುಜಾಲವನ್ನು ಹೊಡೆಯಬೇಕೆಂದು ಐಸೆನ್‌ಹೋವರ್ ಪಟ್ಟು ಹಿಡಿದ. ಬ್ರಿಟನ್ನಿನ ಬಾಂಬರ್ ಪಡೆಯ ಮುಖ್ಯಸ್ಥ ಹ್ಯಾರಿಸ್‌ಗೆ ಜರ್ಮನ್ ನಗರಗಳೇ ಗುರಿ, ಅಮೆರಿಕದ ಬಾಂಬರ್ ಪಡೆಗಳ ಮುಖ್ಯಸ್ಥ ಸ್ಪಾಟ್ಜ್‌ಗೆ ತೈಲ ಸ್ಥಾವರಗಳು. ಫ್ರೆಂಚ್ ನಾಗರಿಕರು ಸಾಯುತ್ತಾರೆಂಬ ಆತಂಕ ಬ್ರಿಟಿಷ್ ಪ್ರಧಾನಿ ಚರ್ಚಿಲ್‌ಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಹುದ್ದೆಯನ್ನೇ ಬಿಡುತ್ತೇನೆ ಎನ್ನುವವರೆಗೂ ಹೋಗಿ ಆತ ಬಾಂಬರ್‌ಗಳ ಮೇಲೆ ಹಿಡಿತ ಸಾಧಿಸಿದ. 1944ರ ಜೂನ್ 6ರ ಬಳಿಕ ಜರ್ಮನ್ ಮೀಸಲು ಪಡೆಗಳು ಕಡಲತೀರ ತಲುಪಲು ತಿಣುಕಾಡಿದ್ದರಲ್ಲಿ ಈ ಹಠದ ಪಾಲು ದೊಡ್ಡದು.

ಅಷ್ಟು ಬಿಗಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಕಾಣಲಿಲ್ಲ. ಸೆಪ್ಟೆಂಬರ್ 4ರಂದು ಆ ಬಂದರು ಹೆಚ್ಚು ಹಾನಿಯಿಲ್ಲದೆ ಬ್ರಿಟಿಷರ ಕೈಸೇರಿತು. ಆದರೆ ಅದನ್ನು ಸಮುದ್ರಕ್ಕೆ ಜೋಡಿಸುವ ಶೆಲ್ಟ್ ನದೀಮುಖ ಜರ್ಮನ್ನರ ವಶದಲ್ಲೇ ಉಳಿಯಿತು. ಅತ್ತ ಪೆಟ್ರೋಲು, ಮದ್ದುಗುಂಡುಗಳನ್ನು ನಾರ್ಮಂಡಿಯಿಂದ ನೂರಾರು ಕಿಲೋಮೀಟರ್ ಲಾರಿಗಳಲ್ಲಿ ಸಾಗಿಸಬೇಕು. ಇತ್ತ ಆ ಭಾಗದ ಬ್ರಿಟಿಷ್ ದಂಡನಾಯಕ ಮಾಂಟ್‌ಗೊಮರಿಯ ಕಣ್ಣು ರೈನ್ ನದಿಯ ಮೇಲೆ. ಐಸೆನ್‌ಹೋವರ್ ಆಂಟ್ವರ್ಪ್ ಮುಖ್ಯವೆಂದು ಬರೆಯುತ್ತ ಹೋದ, ಜೊತೆಗೇ ರೈನ್ ದಾಟಲು ಮಾಂಟ್‌ಗೊಮರಿ ಹೂಡಿದ ಆರ್ನ್‌ಹೆಮ್ ಸಾಹಸಕ್ಕೂ ಒಪ್ಪಿಗೆ ಕೊಟ್ಟ. ಸಾಮಗ್ರಿ ಹೊತ್ತ ಮೊದಲ ಹಡಗು ಸಾಲು ಬಂದರು ಮುಟ್ಟಿದ್ದು ನವೆಂಬರ್ 28ಕ್ಕೆ. ಸಲಹೆಯ ಧಾಟಿಯಲ್ಲಿ ಆಜ್ಞೆ ಕೊಡುವ ಅಭ್ಯಾಸಕ್ಕೆ ತೆತ್ತ ಬೆಲೆಯಿದು. ಶೆಲ್ಟ್‌ಗಾಗಿ ಕಾದಾಡಿದ ಕೆನಡಾದ ಸೈನಿಕರು ಅದನ್ನು ಜೀವ ಕೊಟ್ಟು ತೀರಿಸಿದರು.

ಆದರೂ ಡಿಸೆಂಬರ್‌ನ ಆರ್ಡೆನ್ಸ್‌ನಲ್ಲಿ ಜರ್ಮನ್ನರು ದಿಢೀರನೆ ನುಗ್ಗಿ ಬಂದ ಬಿಕ್ಕಟ್ಟಿನಲ್ಲಿ ಆತ ಅಮೆರಿಕದ ಎರಡು ಸೈನ್ಯಗಳನ್ನು ಅವುಗಳ ದಂಡನಾಯಕ ಬ್ರ್ಯಾಡ್ಲಿಯಿಂದ ತೆಗೆದು, ತನ್ನನ್ನು ಸದಾ ಕೆಣಕುತ್ತಿದ್ದ ಅದೇ ಮಾಂಟ್‌ಗೊಮರಿಗೆ ಒಪ್ಪಿಸಿದ. ಬ್ರ್ಯಾಡ್ಲಿ ಹಳೆಯ ಸಹಪಾಠಿ, ಸ್ವದೇಶದವನು. ಆತ ಕೆರಳಿದರೂ ನಿರ್ಧಾರ ಕದಲಲಿಲ್ಲ. ಜರ್ಮನ್ ನುಗ್ಗಾಟ ಬ್ರ್ಯಾಡ್ಲಿಯ ಸಂಪರ್ಕವನ್ನು ಕಡಿದಿತ್ತು, ಉತ್ತರದ ಹೊಣೆ ಹೊರಲು ಹತ್ತಿರದಲ್ಲಿದ್ದವನು ಮಾಂಟ್‌ಗೊಮರಿ. ಸ್ವದೇಶಾಭಿಮಾನವನ್ನು ಹೀಗೆ ಬದಿಗಿಡಬಲ್ಲವನಿಗೇ ಈ ಹುದ್ದೆ ಸಲ್ಲುತ್ತದೆ.

ಹಾಗಾಗಿ ಐಸೆನ್‌ಹೋವರ್‌ನ ಸೌಮ್ಯತೆಯನ್ನು ದೌರ್ಬಲ್ಯವೆಂದು ತಳ್ಳಿಹಾಕಲಾಗದು, ಅದನ್ನೇ ಪೂರ್ತಿ ಮೆಚ್ಚಲೂ ಆಗದು. ಮಿತ್ರಕೂಟ ಒಡೆಯದಂತೆ ಕಾದದ್ದು ಆತನ ಗೆಲುವು. ಆಂಟ್ವರ್ಪ್‌ನ ವಿಳಂಬ ಮಾತ್ರ ಮಾಂಟ್‌ಗೊಮರಿಯ ಲೆಕ್ಕಕ್ಕಷ್ಟೇ ಅಲ್ಲ, ಆತನ ಲೆಕ್ಕಕ್ಕೂ ಸೇರಬೇಕು.