ಎಣಿಕೆಗೆ ಸಿಕ್ಕ ಕರ್ನಾಟಕ

ಮಾನವ ತಳಿವಿಜ್ಞಾನದ ಬರವಣಿಗೆಯಲ್ಲಿ ಕರ್ನಾಟಕದ ಹೆಸರು ಬಂತೆಂದರೆ, ಹೆಚ್ಚುಕಡಿಮೆ ಅದರ ಬಗಲಲ್ಲೇ 31.4 ಎಂಬ ಅಂಕಿಯೂ ಬರುತ್ತದೆ. 1980ರಿಂದ 1989ರವರೆಗೆ ವಿಚಾರಿಸಿದ 1,07,518 ಮದುವೆಗಳಲ್ಲಿ ನೂರಕ್ಕೆ ಇಷ್ಟು ರಕ್ತಸಂಬಂಧದೊಳಗೇ ಆದವು. ಅಲನ್ ಬಿಟಲ್ಸ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ತಮ್ಮ ಸಂಗಡಿಗರೊಂದಿಗೆ 1993ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. ಸೋದರಿಕೆಯ ಮದುವೆ ಕುರಿತು ಪಾಕಿಸ್ತಾನದಲ್ಲಿ ಬರೆದವರಿರಲಿ, ಅರಬ್ ದೇಶಗಳಲ್ಲಿ ಬರೆದವರಿರಲಿ, ದಕ್ಷಿಣ ಭಾರತವನ್ನು ಹೋಲಿಕೆಗೆ ತಂದಾಗ ಈ ತಂಡದ ಪ್ರಬಂಧಗಳನ್ನು ನೆನೆಯುತ್ತಾರೆ. ಉಲ್ಲೇಖದ ಎಣಿಕೆಯನ್ನೇ ಗೆಲುವಿನ ಅಳತೆ ಎನ್ನುವುದಾದರೆ ಕನ್ನಡ ನೆಲದಿಂದ ಹೋದ ತಳಿವಿಜ್ಞಾನದಲ್ಲಿ ಇದು ದೊಡ್ಡ ಗೆಲುವು.

ಆದರೆ ಆ 'ಕರ್ನಾಟಕ' ಎಷ್ಟು ದೊಡ್ಡದು? ಲೆಕ್ಕ ಹುಟ್ಟಿದ್ದು ಹಸುಗೂಸುಗಳ ರಕ್ತಪರೀಕ್ಷೆಯ ಯೋಜನೆಯೊಂದರಿಂದ. ಹುಟ್ಟಿದ ಕೂಸಿನ ರಕ್ತದಲ್ಲಿ ಅಮೈನೋ ಆಮ್ಲದ ದೋಷವಿದೆಯೇ ಎಂದು ನೋಡುವುದು ಮೂಲ ಉದ್ದೇಶ. ತಾಯಿತಂದೆ ಒಬ್ಬರಿಗೊಬ್ಬರು ಏನಾಗಬೇಕು ಎಂಬ ಪ್ರಶ್ನೆ ಅದರ ಜೊತೆಗೆ ಬಂದದ್ದು. ಆಸ್ಪತ್ರೆಗಳು ಬೆಂಗಳೂರು, ಮೈಸೂರಿನವು. ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಚಚಡಿಯಂಥ ಊರಿನ ಬಸುರಿ ಆ ದಶಕದಲ್ಲಿ ಹೆರಿಗೆಗೆ ಬೆಂಗಳೂರಿಗೆ ಹೋಗುವ ಸಂಭವ ಎಷ್ಟು? ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ತೊಡಕಾದರೆ ಬೈಲಹೊಂಗಲ, ಬೆಳಗಾವಿ, ಧಾರವಾಡ. ಪ್ರಬಂಧದ ತಲೆಬರಹದಲ್ಲಿ ಇಡೀ ರಾಜ್ಯದ ಹೆಸರಿದೆ, ಒಳಗೆ ಇರುವುದು ಹಳೇ ಮೈಸೂರಿನ ಎರಡು ದೊಡ್ಡ ಊರು. ಮಲಪ್ರಭೆಯ ದಂಡೆಯಲ್ಲಿ ಸೋದರಿಕೆ ಕಡಿಮೆ ಎಂದು ನಾನು ಹೇಳುತ್ತಿಲ್ಲ. "ಹಳೇ ಬೀಗತನ ಬಿಡಬಾರದು, ಹೊಲಮನಿ ಒಂದ ಕಡೆ ಉಳೀತಾವ" ಎಂಬ ಮಾತು ಈ ಭಾಗದ ಹೆಣ್ಣುಗಂಡಿನ ಮಾತುಕತೆಯಲ್ಲಿ ಇವತ್ತಿಗೂ ತೂಕವುಳ್ಳದ್ದೇ. ಅಕ್ಕನ ಮಗಳನ್ನು ತಂದುಕೊಳ್ಳುವುದು ಇಲ್ಲಿ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಆದರೆ ಇಲ್ಲಿಯ ಪ್ರಮಾಣ ಆ ಅಂಕಿಯೊಳಗಿಲ್ಲ. ಉಲ್ಲೇಖ ಹೆಚ್ಚಾದಷ್ಟೂ ಅಂಕಿ ಗಟ್ಟಿಯಾಗುತ್ತ ಹೋಯಿತು, ಅದು ಎಲ್ಲಿಯದು ಎಂಬ ವಿವರ ಸವೆಯುತ್ತ ಹೋಯಿತು.

ಇದನ್ನು ಹೇಳಿದ ಮೇಲೂ ಆ ಪ್ರಬಂಧಮಾಲೆಗೆ ಸಿಕ್ಕ ಮರ್ಯಾದೆ ನ್ಯಾಯವಾದದ್ದೆಂದೇ ನನ್ನ ತೀರ್ಮಾನ. ಕಾರಣ ಅದು ಎತ್ತಿಕೊಂಡ ಪ್ರಶ್ನೆ. ಅದಕ್ಕೆ ಮುಂಚೆ, 1960ರ ದಶಕದಲ್ಲಿ, ಎಲ್.ಡಿ. ಸಾಂಘ್ವಿ ಒಂದು ಚೆಂದದ ಊಹೆ ಮುಂದಿಟ್ಟಿದ್ದರು: ದಕ್ಷಿಣದಲ್ಲಿ ನೂರಾರು ತಲೆಮಾರಿನಿಂದ ಸೋದರಿಕೆ ನಡೆದುಬಂದಿದೆ, ಕೆಟ್ಟ ಜೀನ್‌ಗಳಿದ್ದ ಮಕ್ಕಳು ಹಿಂದಿನಿಂದಲೂ ಉಳಿಯದೆ ಹೋಗಿ ಆ ಜೀನ್‌ಗಳು ಜನಸಮುದಾಯದಿಂದಲೇ ತೊಳೆದುಹೋಗಿರಬೇಕು. ಕೇಳಿದವರಿಗೆ ಸಮಾಧಾನ ಕೊಡುವ ಊಹೆ. ರಾಧಾ ರಮಾದೇವಿ, ಅಪ್ಪಾಜಿ ರಾವ್, ಬಿಟಲ್ಸ್ 1987ರಲ್ಲಿ 'ಜರ್ನಲ್ ಆಫ್ ಮೆಡಿಕಲ್ ಜೆನೆಟಿಕ್ಸ್'ನಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಎದುರು ನಿಂತಿತು. 407 ಮಕ್ಕಳನ್ನು ನೋಡಿ 63 ಮಕ್ಕಳಲ್ಲಿ 35 ಬಗೆಯ ಆನುವಂಶಿಕ ಕಾಯಿಲೆ ಗುರುತಿಸಿದರು. 44 ಮಕ್ಕಳದು ಒಂದೇ ಜೀನ್‌ನ ದೋಷ. ಒಳಸಂಬಂಧದ ಸಾಂದ್ರತೆಯನ್ನು ಅಳೆಯುವ ಒಂದು ಗುಣಾಂಕವಿದೆ. ಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿಗೆ ಅದು ಎಂಟರಲ್ಲೊಂದು, ಅತ್ತೆಯ ಮಗ ಮಾವನ ಮಗಳ ಮಗುವಿಗೆ ಹದಿನಾರರಲ್ಲೊಂದು. ಸಾಮಾನ್ಯ ಜನರಲ್ಲಿ ಸರಾಸರಿ 0.0271 ಇದ್ದದ್ದು ಈ 407 ಮಕ್ಕಳ ಗುಂಪಿನಲ್ಲಿ 0.0414 ಇತ್ತು. ದೀರ್ಘಕಾಲದ ಸೋದರಿಕೆ ಕೆಟ್ಟ ಜೀನ್‌ಗಳನ್ನು ಅಷ್ಟಾಗಿ ತೊಳೆದಿರಲಿಕ್ಕಿಲ್ಲ ಎಂದು ಲೇಖಕರು ಹದ ನೋಡಿ ಬರೆದರು. 407 ಮಕ್ಕಳ ಲೆಕ್ಕಕ್ಕೆ ಆ ಹದ ತಕ್ಕದ್ದೇ. ಉಲ್ಲೇಖವಾಗುವಾಗ ಮೊದಲು ಉದುರುವುದು ಇಂಥ 'ಇರಲಿಕ್ಕಿಲ್ಲ'ಗಳೇ.

ಇನ್ನೊಂದು ಮಾತು. ಈ ಪ್ರಬಂಧದಲ್ಲೂ ಇದೇ ಮಾಲೆಯ 1982ರ ಪ್ರಬಂಧದಲ್ಲೂ ಮೊದಲ ಹೆಸರು ರಾಧಾ ರಮಾದೇವಿಯವರದು. ಈಗ ಇಡೀ ಮಾಲೆಯನ್ನು 'ಬಿಟಲ್ಸ್‌ರ ಕೆಲಸ' ಎಂದು ಕರೆಯುವ ರೂಢಿ ಬಿದ್ದಿದೆ. ಮುಂದಿನ ವರ್ಷಗಳಲ್ಲಿ ಅವರೇ ಇದೇ ವಿಷಯವನ್ನು ಪಟ್ಟುಬಿಡದೆ ಬರೆದರು, ನಿಜ. ಆದರೂ ಎಣಿಕೆ ಯಾರ ಹೆಸರಿಗೆ ಜಮಾ ಆಗುತ್ತದೆ ಎಂಬುದು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೂತು ರಕ್ತದ ಮಾದರಿ ನೋಡಿದವರಿಗೆ ಸಣ್ಣ ಸಂಗತಿಯಾಗಿರಲಾರದು.

ಉಲ್ಲೇಖ ಎಣಿಸುವ ಪದ್ಧತಿಯನ್ನು ಶುರುಮಾಡಿದ ಯೂಜೀನ್ ಗಾರ್‌ಫೀಲ್ಡ್‌ಗೆ ಎಣಿಕೆಯಿಂದಲೇ ಗೆಲುವಿನ ತೀರ್ಪು ಕೊಡುವ ಹುರುಪು ಇರಲಿಲ್ಲ. 1955ರಲ್ಲಿ ಅವರು ಹೇಳಿದ್ದು ಒಂದು ಪ್ರಬಂಧದ ಬೆನ್ನುಹತ್ತಿ ಮುಂದೆ ಯಾರು ಯಾರು ಅದನ್ನು ಬಳಸಿದರು ಎಂದು ಹುಡುಕುವ ಸೂಚಿ ಬೇಕೆಂದು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಯಾವ ನಿಯತಕಾಲಿಕಗಳನ್ನು ಸೂಚಿಗೆ ಸೇರಿಸಬೇಕೆಂದು ಆರಿಸಲು ಇಂಪ್ಯಾಕ್ಟ್ ಫ್ಯಾಕ್ಟರ್ ಹುಟ್ಟಿತು: ಹಿಂದಿನ ಎರಡು ವರ್ಷದಲ್ಲಿ ಒಂದು ನಿಯತಕಾಲಿಕ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬ ಭಾಗಾಕಾರ. ಈ ಲೆಕ್ಕದಲ್ಲಿ ಒಪ್ಪಿ ಉಲ್ಲೇಖಿಸಿದ್ದೂ ತಪ್ಪೆಂದು ತೋರಿಸಲು ಉಲ್ಲೇಖಿಸಿದ್ದೂ ಒಂದೇ. ಎರಡು ವರ್ಷವೆಂಬ ಗಡುವು ಬೇರೆ. ಒಂದು ಕುಟುಂಬದ ಮೂರು ತಲೆಮಾರು ನೋಡಬೇಕಾದ ವಿದ್ಯೆಗೆ ಎರಡು ವರ್ಷದ ಗಡುವು ಎಲ್ಲಿಯ ಜೋಡಿ?

ಈ ಅಳತೆಯ ಕಣ್ಣಿಗೆ ಬೀಳದ ಕನ್ನಡದ ಕತೆ ಇನ್ನೊಂದಿದೆ, ಹಂದಿಗೋಡಿನದು. ಸಾಗರ ತಾಲೂಕಿನ ಈ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಹಾಳಾಗಿ, ಕೆಲವರು ತೆವಳುವ ಸ್ಥಿತಿಗೆ ಬಂದಿರುವುದು ಸುದ್ದಿಯಾಯಿತು. ರೋಗಿಗಳು ದಲಿತ ಕುಟುಂಬಗಳವರು, ಚಲವಾದಿ ಮತ್ತು ಚನ್ನಂಗಿ ಸಮುದಾಯದವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆಗೆ ಹೋಗಿ ಹೀಗಾಯಿತೇ ಎಂಬ ಅನುಮಾನ ಮೊದಲು ಎದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದು ಬರೆದರು. 1990ರ ದಶಕದಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ತಂಡ ಇದು ವಂಶಪಾರಂಪರ್ಯದ ಮೂಳೆರೋಗ, ತಾಯಿತಂದೆಯರಲ್ಲಿ ಒಬ್ಬರಿಂದ ಬಂದರೂ ಸಾಕು ಎಂಬ ಪ್ರಬಲ ಮಾದರಿಯದು ಎಂದು ತೋರಿಸಿತು. ವಿಕ್ಟರ್ ಮೆಕ್‌ಕ್ಯುಸಿಕ್ 1966ರಲ್ಲಿ ಪುಸ್ತಕವಾಗಿ ಆರಂಭಿಸಿ ಈಗ ಅಂತರ್ಜಾಲದಲ್ಲಿ ಬೆಳೆಯುತ್ತಿರುವ ಆನುವಂಶಿಕ ಕಾಯಿಲೆಗಳ ಪಟ್ಟಿಯಲ್ಲಿ ಹಂದಿಗೋಡಿನ ಹೆಸರೂ ಸೇರಿದೆ. ಒಂದು ಕನ್ನಡದ ಹಳ್ಳಿ ಜಗತ್ತಿನ ವೈದ್ಯಕೋಶದ ಶಬ್ದವಾಯಿತು. ಆದರೂ ಈ ರೋಗದ ಬಗ್ಗೆ ಇರುವ ಪ್ರಬಂಧಗಳನ್ನು ಒಂದು ಸಂಜೆ ಕೂತು ಓದಿ ಮುಗಿಸಬಹುದು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಣಿಕೆಯ ಸ್ವಭಾವ ಕಾಣುತ್ತದೆ. ಸೋದರಿಕೆಯ ಪ್ರಬಂಧಗಳು ಮನುಷ್ಯಜಾತಿಗೇ ಸೇರಿದ ಪ್ರಶ್ನೆಯೊಂದಕ್ಕೆ ಕರ್ನಾಟಕವನ್ನು ಸಾಕ್ಷಿಯಾಗಿ ಕರೆದವು. ಬಿಟಲ್ಸ್ ಮತ್ತು ಜೇಮ್ಸ್ ನೀಲ್ 1994ರಲ್ಲಿ 'ನೇಚರ್ ಜೆನೆಟಿಕ್ಸ್'ನಲ್ಲಿ 38 ಜನಸಮುದಾಯಗಳ ಲೆಕ್ಕ ಒಟ್ಟುಮಾಡಿ, ಅಕ್ಕತಂಗಿ ಅಣ್ಣತಮ್ಮಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಮಕ್ಕಳ ಸಾವು ಸುಮಾರು 4.4 ಶೇಕಡಾ ಅಂಶ ಹೆಚ್ಚೆಂದು ಹೇಳಿದಾಗ ಅದು ಎಲ್ಲ ದೇಶದವರಿಗೂ ಬೇಕಾದ ಅಂಕಿಯಾಯಿತು. ಹಂದಿಗೋಡಿನ ಪ್ರಶ್ನೆ ಹಂದಿಗೋಡಿನವರದೇ. ಅಲ್ಲಿ ಸಾಗಿಸಬಹುದಾದ ಸರಕು ಕಡಿಮೆ. ನಮ್ಮ ಮೈಯ ಸಂಕಟದಲ್ಲಿ ಯಾವುದು ಊರು ದಾಟಿ ಇತರರ ವಾದಕ್ಕೆ ಒದಗುತ್ತದೋ ಅದಕ್ಕೆ ಉಲ್ಲೇಖ. ಊರಲ್ಲೇ ಉಳಿಯುವ ಸಂಕಟಕ್ಕೆ ಇಲ್ಲ. ಸಂಶೋಧಕರು ದುಷ್ಟರೇನಲ್ಲ. ಹಣ, ಬಡ್ತಿ, ಪದವಿ ಎಲ್ಲವೂ ಎಣಿಕೆಯ ಹಿಂದೆ ಹೋದಾಗ ಮುಂದಿನ ಪ್ರಶ್ನೆಯೂ ಅದರ ಹಿಂದೆಯೇ ಹೋಗುತ್ತದೆ, ಅಷ್ಟೆ.

ಈ ವಿದ್ಯೆಯಲ್ಲಿ ಗಾಳಿ ಬೀಸಿದ ದಿಕ್ಕು ಹಲವು ಸಲ ಬದಲಾಗಿದೆ. ಒಂದು ಕಾಲಕ್ಕೆ ನಮ್ಮ ವಿಶ್ವವಿದ್ಯಾಲಯಗಳ ಮಾನವಶಾಸ್ತ್ರ ವಿಭಾಗಗಳಲ್ಲಿ ರಕ್ತದ ಗುಂಪು, ಬೆರಳಚ್ಚು, ಬಣ್ಣಗುರುಡು, ಪಿಟಿಸಿ ಕಾಗದದ ಕಹಿ ಯಾರಿಗೆ ಹತ್ತುತ್ತದೆ ಯಾರಿಗಿಲ್ಲ ಎಂಬ ಪಟ್ಟಿಗಳು. ಈಗ ಓದಿದರೆ ನೀರಸ, ಆದರೆ ಅವುಗಳಿಗೆ ಒಂದು ಪ್ರಾಮಾಣಿಕತೆ ಇತ್ತು: ಊರು, ಜಾತಿ, ಸಂಖ್ಯೆ ಎಲ್ಲ ಬಿಚ್ಚಿ ಬರೆದಿರುತ್ತಿದ್ದರು. ಆಮೇಲೆ ಬಂದದ್ದು ನನ್ನ ದೃಷ್ಟಿಯಲ್ಲಿ ಅತ್ಯಂತ ಬಡ ಘಟ್ಟ. ನೂರು ರೋಗಿ, ನೂರು ಆರೋಗ್ಯವಂತರನ್ನು ತಗೊಂಡು, ಮೊದಲೇ ಹೆಸರಾದ ಒಂದು ಜೀನ್ ಆರಿಸಿ, ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಗಂಟುಹಾಕುವ ಪ್ರಬಂಧಗಳು. ದೇಶವಿದೇಶ ಎನ್ನದೆ ಎಲ್ಲ ಕಡೆ ಇದೇ ನಡೆಯಿತು. ದೊಡ್ಡ ಲೆಕ್ಕದಲ್ಲಿ ಮತ್ತೆ ನೋಡಿದಾಗ ಬಹಳಷ್ಟು ನಿಲ್ಲಲಿಲ್ಲ. 2007ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಒಕ್ಕೂಟ ಏಳು ಕಾಯಿಲೆಗಳಿಗೆ 14,000 ರೋಗಿಗಳನ್ನು, ಹೋಲಿಕೆಗೆ 3,000 ಜನರನ್ನು ಪರೀಕ್ಷಿಸಿತು. ಅದಾದ ಮೇಲೂ ನೂರಿಪ್ಪತ್ತು ಮಂದಿಯ ರಕ್ತದ ಮೇಲೆ ತೀರ್ಪು ಬರೆಯುವುದು ನಿಂತಿಲ್ಲ. ನಿಲ್ಲದಿರಲು ಕಾರಣವೂ ಕಣ್ಣೆದುರೇ ಇದೆ. ಯುಜಿಸಿ 2010ರಲ್ಲಿ ತಂದ ಎಪಿಐ ಅಂಕಪದ್ಧತಿ ಅಧ್ಯಾಪಕರ ಬಡ್ತಿಯನ್ನು ಪ್ರಬಂಧಗಳ ಸಂಖ್ಯೆಗೆ ಕಟ್ಟಿತು. ಕಾಸು ಕೊಟ್ಟರೆ ವಾರದೊಳಗೆ ಅಚ್ಚುಹಾಕುವ ನಿಯತಕಾಲಿಕಗಳಿಗೆ ಸುಗ್ಗಿಯಾಯಿತು. ಪಿಎಚ್.ಡಿ.ಗೆ ಮುಂಚೆ ಪ್ರಬಂಧ ಪ್ರಕಟವಾಗಲೇಬೇಕೆಂಬ ಷರತ್ತನ್ನು 2022ರಲ್ಲಿ ಕೈಬಿಟ್ಟರು, ಆದರೆ ರೂಢಿ ಕೈಬಿಡಬೇಕಲ್ಲ.

ದೊಡ್ಡ ಲೆಕ್ಕದ ಯುಗಕ್ಕೂ ಅದರದೇ ಕುರುಡಿತ್ತು. ಇಡೀ ಜೀನೋಮ್ ಜಾಲಾಡುವ ಈ ಅಧ್ಯಯನಗಳಲ್ಲಿ 2009ರ ಸುಮಾರಿಗೆ ನೂರಕ್ಕೆ 96 ಜನ ಯುರೋಪಿಯನ್ ಮೂಲದವರು. 2016ರಲ್ಲಿ 'ನೇಚರ್' ಪತ್ರಿಕೆಯ ಲೆಕ್ಕದಲ್ಲಿ ಅದು 81ಕ್ಕೆ ಇಳಿದಿತ್ತು. ಹೆಚ್ಚು ಉಲ್ಲೇಖ ಪಡೆದ ಜ್ಞಾನ ಯಾರ ಮೈಯಿಂದ ಬಂದದ್ದು ಎಂದು ಬೇರೆ ಹೇಳಬೇಕಿಲ್ಲ. ಅಪವಾದಗಳು ಬೆಲೆಬಾಳುವಂಥವು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ, ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ನಾಲ್ವರಲ್ಲಿರುವ ಹೃದಯಸ್ನಾಯುವಿನ ಜೀನ್‌ನಲ್ಲಿನ ಒಂದು ಲೋಪ ಅಂಥದ್ದು. ಯುರೋಪಿನ ಮಾದರಿಗಳಲ್ಲಷ್ಟೇ ಹುಡುಕುತ್ತ ಕೂತಿದ್ದರೆ ಅದು ಸಿಗುತ್ತಿರಲಿಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಎಣಿಕೆಯ ಏಣಿಯಲ್ಲಿ ಕೆಳಗೆ ನಿಂತ ಬರವಣಿಗೆ, ಒಂದೇ ಕುಟುಂಬದ ವರದಿ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗದವರು ಇಂಥ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಮತ್ತು ನಿಮ್ಹಾನ್ಸ್‌ನ ಸತೀಶ ಗಿರಿಮಾಜಿ ಸಂಗಡಿಗರೊಂದಿಗೆ ತಲೆ ಸಣ್ಣದಾಗಿ ಹುಟ್ಟುವ ಮಕ್ಕಳಿದ್ದ ಸೋದರಿಕೆಯ ಕುಟುಂಬಗಳನ್ನು ಬೆನ್ನುಹತ್ತಿ, 2009ರಲ್ಲಿ ಎಸ್‌ಟಿಐಎಲ್ ಎಂಬ ಜೀನ್‌ನಲ್ಲಿ ಕಾರಣ ಕಂಡು 'ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್'ನಲ್ಲಿ ಪ್ರಕಟಿಸಿದರು. ಹೊಸ ಜೀನ್ ಆದ್ದರಿಂದ ಅದಕ್ಕೆ ದೊಡ್ಡ ನಿಯತಕಾಲಿಕ ಸಿಕ್ಕಿತು. ಗೊತ್ತಿರುವ ಜೀನ್‌ನಲ್ಲಿ ಹೊಸ ದೋಷ ಸಿಕ್ಕಿದ ವರದಿಗೆ ಆ ಭಾಗ್ಯವಿಲ್ಲ. ಆದರೆ ಬೆಳಗಾವಿಯ ದವಾಖಾನೆಗೆ ಬಂದ ದಂಪತಿಯ ಎರಡನೆಯ ಬಸಿರಿನ ಮುಂದೆ ಕೂತ ವೈದ್ಯರಿಗೆ ಬೇಕಾದದ್ದು ಅದೇ: ಈ ಒಂದು ಅಕ್ಷರದ ಬದಲಾವಣೆ ಇದಕ್ಕೆ ಮುಂಚೆ ಯಾವುದಾದರೂ ರೋಗಿಯಲ್ಲಿ ಕಂಡಿದೆಯೇ? ಅವರು ಕ್ಲಿನ್‌ವಾರ್ ಎಂಬ ಭಂಡಾರ ನೋಡುತ್ತಾರೆ, ಹಳೆಯ ವರದಿ ಸಿಗುತ್ತದೆ, ಮಾತು ಹೇಳುತ್ತಾರೆ. ಎಲ್ಲೂ ಉಲ್ಲೇಖ ದಾಖಲಾಗುವುದಿಲ್ಲ. ವಿದ್ಯೆ ಕೆಲಸಕ್ಕೆ ಬಂದ ಗಳಿಗೆ ಎಣಿಕೆಯ ಹೊರಗೇ ನಡೆದುಹೋಗುತ್ತದೆ.

ಈಚಿನ ಎರಡು ದೊಡ್ಡ ಯತ್ನಗಳು ಮಲಪ್ರಭೆಯ ಈ ಸೀಮೆಗೆ ಹತ್ತಿರ ಬರಬಲ್ಲವು. 2017ರಲ್ಲಿ 'ನೇಚರ್ ಜೆನೆಟಿಕ್ಸ್'ನಲ್ಲಿ ಬಂದ ಅಧ್ಯಯನ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿ, ಅದರಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು ಫಿನ್‌ಲೆಂಡಿನವರಿಗಿಂತಲೂ ಬಿಗಿಯಾಗಿ ಒಳಗೊಳಗೇ ಉಳಿದಿವೆ ಎಂದಿತು. ಅಂದರೆ ಸೋದರಮಾವನಿಗೆ ಕೊಡದಿದ್ದರೂ, ಒಳಪಂಗಡ ದಾಟದ ಮದುವೆಯೇ ಅಪ್ರಬಲ ಜೀನ್‌ಗಳು ಜೋಡಿಯಾಗಲು ಸಾಕು. ಜಾತಿಯೊಳಗಿನ ದೂರದ ಸಂಬಂಧ ಸುರಕ್ಷಿತ ಎಂದು ನಂಬಿದ ನಮ್ಮ ಹಿರಿಯರಿಗೆ ಹೇಳಲೇಬೇಕಾದ ಮಾತು ಇದು; ಕನ್ನಡದಲ್ಲಿ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಇನ್ನೊಂದು, 2020ರಲ್ಲಿ ಶುರುವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ. ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಹತ್ತು ಸಾವಿರದಷ್ಟು ಆರೋಗ್ಯವಂತರ ಜೀನೋಮ್ ಓದಿ, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಿತು. ಆರೋಗ್ಯವಂತರನ್ನು ಆರಿಸಿದ್ದು ಸರಿ, ಹೋಲಿಕೆಗೆ ಅವರೇ ಬೇಕು. ಹೋಲಿಸಲು ಈ ಕಡೆಯಿಂದ ಕಾಯಿಲೆಯ ಲೆಕ್ಕವೇ ಇಲ್ಲದಿರುವುದು ತೊಡಕು.

ಆ ಲೆಕ್ಕ ಮಾಡಲು ಹೊಸ ಸಂಸ್ಥೆ ಕಟ್ಟಬೇಕಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಥವಾ ಆರ್‌ಬಿಎಸ್‌ಕೆ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳ ಹುಟ್ಟುದೋಷಗಳನ್ನು ಬರೆದುಕೊಳ್ಳುತ್ತಿವೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಆ ದಾಖಲೆಗಳಿಗೆ ಮೂರು ಪ್ರಶ್ನೆ ಕೂಡಿಸಿದರೆ ಶುರುವಿಗೆ ಸಾಕು: ತಾಯಿತಂದೆ ಏನಾಗಬೇಕು, ಇಬ್ಬರ ತವರೂರು ಯಾವುದು, ಮನೆತನದಲ್ಲಿ ಇಂಥ ಮಗು ಮುಂಚೆ ಹುಟ್ಟಿತ್ತೇ. ಐದು ವರ್ಷದಲ್ಲಿ ಬರುವ ಪ್ರಬಂಧದ ತಲೆಬರಹದಲ್ಲಿ 'ಕರ್ನಾಟಕ' ಎಂದು ಬರೆಯದೆ, ನಾಲ್ಕು ತಾಲೂಕಿನ ಹೆಸರನ್ನೇ ಬರೆಯಲಿ.